ದಿಗ್ವ್ರತವೂ ಘಟ್ಟದ ಹಾದಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವನ್ನು ಇಂದಿನ ಸಮಾಜ ಬಹುಮಟ್ಟಿಗೆ ಮರೆತಿದೆ. ಅಹಿಂಸೆ, ಸತ್ಯ, ಅಚೌರ್ಯಗಳ ವಿಷಯ ಉಪನ್ಯಾಸಗಳಲ್ಲಿ ತಪ್ಪದೆ ಬರುತ್ತದೆ. ಪರಿಗ್ರಹ ಪರಿಮಾಣವನ್ನು ಬೇರೆ ಯಾರೂ ನೆನಪಿಸದಿದ್ದರೆ ಆದಾಯ ತೆರಿಗೆಯ ಇಲಾಖೆಯಾದರೂ ವರ್ಷಕ್ಕೊಮ್ಮೆ ನೆನಪಿಸುತ್ತದೆ. ಆದರೆ ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಬದುಕಿರುವವರೆಗೆ ಅದರಾಚೆಗೆ ಕಾಲಿಡೆನೆಂದು ಸಂಕಲ್ಪಿಸುವವರು ಈಗ ಎಷ್ಟು ಮಂದಿ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆಗಳನ್ನು ಹೇಗೆ ಗುರುತಿಸಬೇಕೆಂಬುದನ್ನೂ ತಿಳಿಸಿದ್ದಾರೆ: ಕಡಲು, ನದಿ, ಅಡವಿ, ಬೆಟ್ಟ, ನಾಡು, ಇಷ್ಟು ಯೋಜನ ಎಂಬ ಅಳತೆ. ನಡೆದು ಹೋಗುವ ಜನರಿಗಾಗಿ ಹೇಳಿದ ಮಾತಾದರೂ ಮಲೆನಾಡಿನ ಭೂಪಟವನ್ನು ಮುಂದಿಟ್ಟುಕೊಂಡು ಹೇಳಿದಂತೆಯೇ ಇದೆ.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಮೇಲಕ್ಕೆ ಎಲ್ಲೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಲಾಗಿ ಮೀರುವುದು, ಒಂದು ದಿಕ್ಕಿನಲ್ಲಿ ಉಳಿಸಿದ ದೂರವನ್ನು ಇನ್ನೊಂದು ದಿಕ್ಕಿಗೆ ಸೇರಿಸಿ ಕ್ಷೇತ್ರವನ್ನು ಹಿಗ್ಗಿಸುವುದು, ಕೊನೆಗೆ ಗೊತ್ತುಮಾಡಿಕೊಂಡ ಎಲ್ಲೆಯನ್ನೇ ಮರೆಯುವುದು. ನಾಲ್ಕನೆಯದು ವ್ಯಾಪಾರಿಗಳಿಗೆ ಚೆನ್ನಾಗಿ ಅರ್ಥವಾಗುವಂತಹುದು. ಒಂದು ಖಾತೆಯ ಉಳಿತಾಯವನ್ನು ಇನ್ನೊಂದು ಖಾತೆಗೆ ವರ್ಗಾಯಿಸುವ ಚಾತುರ್ಯವನ್ನು ಆಚಾರ್ಯರು ಮೊದಲೇ ಕಂಡಿದ್ದರು.

ಚಿಕ್ಕಮಗಳೂರಿನಲ್ಲಿ ಕಾಫಿ ಮತ್ತು ಕಾಳುಮೆಣಸಿನ ವ್ಯಾಪಾರ ನಡೆಸುವ ಹಿರಿಯರೊಬ್ಬರು ಅರವತ್ತು ತುಂಬಿದ ವರ್ಷ ಈ ವ್ರತವನ್ನು ಕೈಗೊಂಡರು. ಪೂರ್ವಕ್ಕೆ ಶ್ರವಣಬೆಳಗೊಳ, ದಕ್ಷಿಣಕ್ಕೆ ಮೈಸೂರು, ಉತ್ತರಕ್ಕೆ ಹೊಂಬುಜ, ಪಶ್ಚಿಮಕ್ಕೆ ಕಡಲು ಎಂದು ಎಲ್ಲೆ. ಅವರು ಊರಿನ ಬಸದಿಯ ಸಮಿತಿಯ ಸದಸ್ಯರೂ ಹೌದು. ಆ ಸಮಿತಿಯ ಮುಂದೆ ಕಳೆದ ವರ್ಷ ಒಂದು ಅರ್ಜಿ ಬಂದಿತು. ಪ್ರತಿ ವರ್ಷ ಬಸ್ಸಿನಲ್ಲಿ ನಡೆಯುವ ಕಾರ್ಕಳದ ಯಾತ್ರೆಯನ್ನು ಈ ಸಲ ಮೋಟಾರ್ ಸೈಕಲ್‌ಗಳಲ್ಲಿ ಮಾಡಲು ಅನುಮತಿ ಬೇಕು, ಮೂವತ್ತು ವಾಹನಗಳು ಸಿದ್ಧವಾಗಿವೆ ಎಂದು ತರುಣರು ಬರೆದಿದ್ದರು. ಅವರ ಮುಂದಾಳು ಈ ಹಿರಿಯರ ಸೋದರಳಿಯನೇ.

ಸಮಿತಿಯಲ್ಲಿ ಎರಡು ಪಕ್ಷಗಳಾದವು. ಬಸದಿಗೆ ಬಾರದ ಹುಡುಗರು ಈ ನೆಪದಿಂದಲಾದರೂ ಬರಲಿ ಎಂದು ಒಂದು ಪಕ್ಷ. ಯಾತ್ರೆಯ ಹೆಸರಿನಲ್ಲಿ ವಿಹಾರ ಬೇಡ ಎಂದು ಇನ್ನೊಂದು. ಎರಡು ಸಭೆಗಳು ವಾದದಲ್ಲೇ ಮುಗಿದ ಮೇಲೆ, ಸದಸ್ಯರೊಬ್ಬರು ಒಮ್ಮೆ ಆ ದಾರಿಯಲ್ಲಿ ಹಿಂಬದಿಯ ಸವಾರರಾಗಿ ಹೋಗಿಬಂದು ವರದಿ ಕೊಡಲಿ ಎಂದು ತೀರ್ಮಾನವಾಯಿತು. ಮಾವ ಅಳಿಯಂದಿರು ಹೊರಡುವಂತಾದದ್ದು ಹೀಗೆ. ಚಾತುರ್ಮಾಸ ಮುಗಿಯುವವರೆಗೆ ಕಾಯಬೇಕೆಂಬುದೊಂದೇ ಹಿರಿಯರ ಷರತ್ತು. ಮಳೆಗಾಲದಲ್ಲಿ ನೆಲದ ಮೇಲೆ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಮುನಿಗಳೇ ನಡೆಯುವುದನ್ನು ನಿಲ್ಲಿಸಿ ಒಂದೆಡೆ ನೆಲೆಸುವಾಗ ಗೃಹಸ್ಥನು ಚಕ್ರವೇರಿ ಹೊರಡುವುದು ಸಲ್ಲದೆಂಬುದು ಅವರ ಮಾತು.

ನವೆಂಬರ್ ತಿಂಗಳಲ್ಲಿ, ದೇವದರ್ಶನ ಮುಗಿಸಿ, ಸೂರ್ಯೋದಯವಾದ ಮೇಲೆಯೇ ಇಬ್ಬರೂ ಹೊರಟರು. ಗಾಳಿಸಿದ ನೀರಿನ ಎರಡು ಬಾಟಲಿ, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು ಇಷ್ಟು ಬುತ್ತಿ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕುದುರೆಮುಖಗಳ ಮೇಲೆ ಕಾರ್ಕಳಕ್ಕೆ ಸುಮಾರು 160 ಕಿಲೋಮೀಟರ್. ಬೆಟ್ಟದ ರಸ್ತೆಯಾದ್ದರಿಂದ ಹಗಲೆಲ್ಲ ಬೇಕು. ಸಂಜೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕಾದ್ದರಿಂದ ಬೇರೆ ಹೊತ್ತಿನ ಲೆಕ್ಕವೂ ಇತ್ತು.

ಮೂಡಿಗೆರೆಯವರೆಗೆ ಎರಡೂ ಕಡೆ ಕಾಫಿ ತೋಟಗಳು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಯಲ್ಲಿ ಕೆಂಪೇರುತ್ತಿದ್ದ ಅರೇಬಿಕಾ ಹಣ್ಣು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರೇಬಿಯಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿ ಈ ಇಡೀ ಸೀಮೆಯ ವಾಣಿಜ್ಯದ ಮೂಲ. ಕೆಲವು ಕಣಗಳಲ್ಲಿ ಆಗಲೇ ಹಣ್ಣು ಒಣಗಲು ಹರಡಿತ್ತು, ಆಕಾಶದಲ್ಲಿ ಮೋಡವಿತ್ತು. ದಾಸ್ತಾನು ಇಟ್ಟುಕೊಂಡ ವ್ಯಾಪಾರಿಯ ಮನಸ್ಸು ಇಂತಹ ಮೋಡವನ್ನು ನೋಡಿ ಏನನ್ನು ಬಯಸುತ್ತದೆಂಬುದು ಆ ಕಸುಬಿನವರಿಗೆಲ್ಲ ಗೊತ್ತು. ಇನ್ನೊಬ್ಬರ ಕಣ ನೆನೆಯಲಿ ಎಂದು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಹಾರೈಸುವುದಕ್ಕೂ ಶಾಸ್ತ್ರದಲ್ಲಿ ಅಪಧ್ಯಾನವೆಂಬ ಹೆಸರಿದೆ.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮ ಈ ದಾರಿಯಿಂದ ಬದಿಗಿದೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಅದೇ. ಹಳೆಯ ಬಸದಿಗಳೂ ವಾಸಂತಿಕಾ ದೇವಿಯ ಗುಡಿಯೂ ಅಲ್ಲಿವೆ. ಸುದತ್ತ ಮುನಿಗಳ ಮುಂದೆ ಹುಲಿ ಎರಗಿದಾಗ ಅವರು ಶಿಷ್ಯ ಸಳನಿಗೆ ಹೊಡೆಯಲು ಹೇಳಿದರೆಂಬ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು. ಚಹಾ ಅಂಗಡಿಯ ಮುಂದೆ ನಿಂತಾಗ ಅಳಿಯನು ಅದನ್ನೇ ಎತ್ತಿ, “ಮುನಿಗಳೇ ಹುಲಿಯನ್ನು ಕೊಲ್ಲಿಸಿದ ನಾಡು ಇದು, ಮಾವ. ನೀವು ಚಕ್ರದಡಿಯ ಇರುವೆಗೆ ಹೆದರುತ್ತೀರಿ” ಎಂದನು. ಹಿರಿಯರು ನಕ್ಕರು. ಗೃಹಸ್ಥನಿಗೆ ವಿರೋಧಿ ಹಿಂಸೆ, ಉದ್ಯೋಗಿ ಹಿಂಸೆ, ಆರಂಭಿ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾಗದೆಂದೂ, ಸಂಕಲ್ಪಿ ಹಿಂಸೆಯನ್ನು ಬಿಡಲೇಬೇಕೆಂದೂ ಹೇಳುವ ವಿಭಾಗವನ್ನು ಅವನಿಗೆ ನೆನಪಿಸಿದರು. ಸಳನದು ಎದುರಿಸಿ ಬಂದದ್ದನ್ನು ತಡೆದ ಕ್ರಿಯೆ. “ನಿನ್ನ ಬುಲೆಟ್ಟಿಗೆ ಯಾವ ಹುಲಿ ಎದುರಾಗಿದೆ, ಹೇಳಪ್ಪ” ಎಂದರು.

ಅವನು ಸುಮ್ಮನಾಗುವವನಲ್ಲ. ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಹಾನಿಯಾದರೆ ಮಾತ್ರ ಹಿಂಸೆ ಎಂದು ಸೂತ್ರಕಾರರೇ ಹೇಳಿದ್ದಾರಲ್ಲವೇ, ಎಚ್ಚರದಿಂದ ನಡೆಯುವವನ ಕಾಲಡಿ ಅಕಸ್ಮಾತ್ ಜೀವಿ ಸತ್ತರೆ ಅದು ಹಿಂಸೆಯಲ್ಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರಲ್ಲವೇ ಎಂದು ಕೇಳಿದನು. ಪಾಠಶಾಲೆಯಲ್ಲಿ ಕಲಿತದ್ದನ್ನು ಮರೆಯದ ಹುಡುಗನೆಂದು ಹಿರಿಯರಿಗೆ ಒಳಗೊಳಗೆ ಸಂತೋಷವೇ ಆಯಿತು.

ಇಲ್ಲಿಯೇ ವಿಷಯದ ಗಂಟು ಇರುವುದು. ಈರ್ಯಾಸಮಿತಿಯ ನಿಯಮದಂತೆ ಮುನಿಯು ಸೂರ್ಯನ ಬೆಳಕಿನಲ್ಲಿ, ಜನರು ತುಳಿದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾನೆ. ನಾಲ್ಕು ಮೊಳವೆಂದರೆ ಆರು ಅಡಿ. ಗಂಟೆಗೆ 40 ಕಿಲೋಮೀಟರ್ ವೇಗವನ್ನು ಈ ರಸ್ತೆಯಲ್ಲಿ ಯಾರೂ ವೇಗವೆನ್ನುವುದಿಲ್ಲ. ಆದರೂ ಆ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಆರು ಅಡಿಯನ್ನು ದಾಟಲು ಒಂದು ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಅದರ ಹಲವು ಪಟ್ಟು ಹೊತ್ತು ಕಳೆದಿರುತ್ತದೆ. ಸವಾರನು ಎಚ್ಚರವಾಗಿದ್ದಾನೆಯೇ ಎಂದು ಕೇಳಿದರೆ ಹೌದೆನ್ನಬಹುದು. ಆದರೆ ಅವನು ಆಯ್ದುಕೊಂಡ ವೇಗದಲ್ಲಿ ಇರುವೆಯ ಮಟ್ಟದ ಎಚ್ಚರ ಸಾಧ್ಯವೇ ಇಲ್ಲವೆಂದಾದರೆ, ಪ್ರಮಾದವು ಸವಾರನ ಕಣ್ಣಿನಲ್ಲಿಲ್ಲ, ಮನೆಯಿಂದ ಹೊರಡುವಾಗಿನ ನಿರ್ಧಾರದಲ್ಲಿದೆ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಇತರರನ್ನು ಅಲೆಯಿಸುವುದು ಎಂಬ ಪದಕ್ಕೆ ಬಸದಿಯ ಸಮಿತಿಗಳು ಗಮನ ಕೊಡುವುದು ಒಳ್ಳೆಯದು.

ಕೊಟ್ಟಿಗೆಹಾರದಲ್ಲಿ ಮಂಜು ರಸ್ತೆಗೇ ಇಳಿದಿತ್ತು. ಎಡಕ್ಕೆ ಚಾರ್ಮಾಡಿ ಘಟ್ಟ, ಬಲಕ್ಕೆ ಕಳಸದ ದಾರಿ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೊಂದು ಅಲ್ಲಿದೆ. ಈ ಕಾಡಿನ ಹುಳುಹುಪ್ಪಟೆಗಳನ್ನು ಅವರಷ್ಟು ಸಾವಧಾನದಿಂದ ನೋಡಿದವರು ನಮ್ಮ ಸಾಹಿತ್ಯದಲ್ಲಿ ವಿರಳ. ಜಾವಳಿಯ ಬಳಿ ಹುಟ್ಟುವ ಹೇಮಾವತಿಯು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟಸಾಲಿನ ಇನ್ನೊಂದು ಮೈಯ ನೀರು ಪಶ್ಚಿಮದ ಕಡಲಿಗೆ. ನದಿಯನ್ನೂ ಗಿರಿಯನ್ನೂ ಎಲ್ಲೆಯಾಗಿಟ್ಟುಕೊಳ್ಳಿರೆಂದ ಆಚಾರ್ಯರ ಮಾತಿಗೆ ಇಲ್ಲಿ ಕಣ್ಣೆದುರಿನ ಅರ್ಥವಿದೆ.

ಕಳಸ ಈಗ ಪ್ರತ್ಯೇಕ ತಾಲ್ಲೂಕು. ಭದ್ರೆಯ ದಡದ ಕಳಸೇಶ್ವರನ ದೇವಾಲಯಕ್ಕೆ ಜೈನಧರ್ಮೀಯರಾದ ಸಾಂತರ ವಂಶದ ಅರಸರು ದತ್ತಿ ಕೊಟ್ಟ ಶಾಸನಗಳಿವೆ. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ, ಇವೆರಡನ್ನೂ ಒಂದೇ ಮನೆತನ ಆಳಿತು. ಆ ವಂಶದ ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಕಾರ್ಕಳದಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದನು. ಹಾಗಾಗಿ ಈ ಎರಡು ಊರುಗಳ ನಡುವಿನ ನಂಟು ಹೊಸದಲ್ಲ. ಮೋಟಾರ್ ಸೈಕಲ್ ಮಾತ್ರ ಹೊಸದು.

ಕಳಸ ಬಿಟ್ಟು ಸಂಸೆ ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಠಾಣೆಯಲ್ಲಿ ವಾಹನದ ಸಂಖ್ಯೆಯನ್ನೂ ಒಳಹೊಕ್ಕ ವೇಳೆಯನ್ನೂ ಬರೆದು ಚೀಟಿ ಕೊಟ್ಟರು. ನಡುವೆ ಎಲ್ಲಿಯೂ ನಿಲ್ಲಿಸಬಾರದು, ಗೊತ್ತಾದ ಹೊತ್ತಿನೊಳಗೆ ಆಚೆಯ ಠಾಣೆಯನ್ನು ದಾಟಬೇಕು. ಹಿರಿಯರು ಆ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಗೊತ್ತಾದ ಕಾಲಕ್ಕೆ ಗೊತ್ತಾದ ಸ್ಥಳದೊಳಗೆ ಸಂಚಾರವನ್ನು ಮಿತಗೊಳಿಸಿಕೊಳ್ಳುವುದು ದೇಶವ್ರತ. ಅದನ್ನು ಇಲ್ಲಿ ಅರಣ್ಯ ರಕ್ಷಕನು ಅಚ್ಚುಹಾಕಿದ ಕಾಗದದಲ್ಲಿ ಕೊಡುತ್ತಾನೆ.

ಸುಮಾರು 600 ಚದರ ಕಿಲೋಮೀಟರಿನ ಈ ಉದ್ಯಾನವನ್ನು 1987ರಲ್ಲಿ ಘೋಷಿಸಲಾಯಿತು. ಅದಕ್ಕೆ ಮುನ್ನ ಇಲ್ಲಿನ ಸಿಂಗಳೀಕಗಳ ಬಗೆಗೆ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆ ಅದಕ್ಕೆ ನೆರವಾಯಿತು. ಬೆಟ್ಟದ ಮಡಿಕೆಗಳಲ್ಲಿ ಶೋಲಾ ಕಾಡು, ಮೇಲೆ ಬರಿಯ ಹುಲ್ಲು. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯವರೆಗೆ ಬಿಡುವ ಕೆಲಸ ಈ ಜೋಡಿಯದು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇಲ್ಲಿನ ಗಂಗಾಮೂಲದ ಸೀಮೆಯಲ್ಲೇ ಹುಟ್ಟುತ್ತವೆ.

ಇದೇ ಬೆಟ್ಟಗಳನ್ನು ಅಗೆದದ್ದೂ ಉಂಟು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನ್ ದೇಶವು ಸಾಲ ಕೊಟ್ಟು ಅದಿರನ್ನು ತಾನೇ ಕೊಳ್ಳುವುದಾಗಿ ಒಪ್ಪಿತ್ತು. 1979ರ ಕ್ರಾಂತಿಯಲ್ಲಿ ಅಲ್ಲಿನ ಶಾ ಆಡಳಿತ ಉರುಳಿ, ಕೊಳ್ಳುವವರು ಹಿಂದೆ ಸರಿದರು. ಸರಕು ತಯಾರಾಗಿ ಗಿರಾಕಿ ಇಲ್ಲದಂತಾದ ಅವಸ್ಥೆಯನ್ನು ವರ್ತಕರು ಊಹಿಸಿಕೊಳ್ಳಬಲ್ಲರು. ಆದರೂ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿ ಗಣಿ ನಡೆಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಭದ್ರೆಯ ನೀರು ಕೆಂಪಾದದ್ದನ್ನು ಕಂಡವರು ಇನ್ನೂ ಇದ್ದಾರೆ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದಿತು. ನಿಂತಿತು.

ಕಾರ್ಮಿಕರಿಗಾಗಿ ಕಟ್ಟಿದ ಪಟ್ಟಣವನ್ನು ಹಾದುಹೋಗುವಾಗ ಹಿರಿಯರು ಮುಚ್ಚಿದ ಬಾಗಿಲುಗಳ ಕಡೆಗೆ ನೋಡುತ್ತಿದ್ದರು. ಕಾಡಿಗೆ ಒಳಿತಾಯಿತೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಹೊರಗಿನಿಂದ ಹಾಕಿದ ಎಲ್ಲೆ ಎಷ್ಟೇ ಒಳ್ಳೆಯದಾದರೂ ಅದು ವ್ರತವಾಗುವುದಿಲ್ಲ, ಅದರ ನೋವು ಎಲ್ಲೆ ಹಾಕಿಕೊಳ್ಳದಿದ್ದವರಿಗಿಂತ ಹೆಚ್ಚಾಗಿ ಅಲ್ಲಿ ಅಂಗಡಿ ಇಟ್ಟುಕೊಂಡಿದ್ದವರಿಗೆ ತಟ್ಟುತ್ತದೆ. ತಾವು ಕುಳಿತ ವಾಹನವೂ ಇನ್ನೂರು ಕಿಲೋಗ್ರಾಂ ಸಮೀಪದ ತೂಕದ್ದು, ಬಹುಪಾಲು ಯಾವುದೋ ಬೆಟ್ಟದಿಂದ ಬಂದ ಲೋಹವೇ ಎಂಬುದನ್ನೂ ಅವರು ವರದಿಯಲ್ಲಿ ಬರೆದಿದ್ದಾರೆ. ಗಣಿಯನ್ನು ಬೈಯುತ್ತ ಬುಲೆಟ್ಟನ್ನು ಹೊಗಳುವ ತರುಣರಿಗೆ ಇದು ನೆನಪಿರಲಿ ಎಂದು.

ಕಾಡಿನ ನಡುವೆ ಒಂದು ತಿರುವಿನಲ್ಲಿ ಅಳಿಯನು ಥಟ್ಟನೆ ಬ್ರೇಕ್ ಹಾಕಿದನು. ಹಿಂದಿನ ಚಕ್ರ ತುಸು ಜಾರಿತು. ಹಿರಿಯರು ಅವನ ಭುಜವನ್ನು ಹಿಡಿದುಕೊಂಡರು. ಒಂದು ಹಸಿರು ಹಾವು ರಸ್ತೆಯನ್ನು ಅಡ್ಡ ದಾಟುತ್ತಿತ್ತು. ಬಿಸಿಲು ಬಿದ್ದ ಟಾರಿನ ಮೇಲೆ ಅದಕ್ಕೆ ಅವಸರವೇ ಇರಲಿಲ್ಲ. ನಿಲ್ಲಿಸಬಾರದೆಂಬ ನಿಯಮ ಒಂದು ಕಡೆ, ತಿರುವಿನ ಹಿಂದಿನಿಂದ ಬರಬಹುದಾದ ವಾಹನದ ಭಯ ಇನ್ನೊಂದು ಕಡೆ. ಅಳಿಯನು ಮಾವನನ್ನು ರಸ್ತೆಯ ಅಂಚಿಗೆ ಇಳಿಸಿ, ತಾನು ಮುಂದೆ ಓಡಿ, ಎದುರಿನಿಂದ ಬರುತ್ತಿದ್ದ ಪ್ರವಾಸಿಗರ ಜೀಪಿಗೆ ಎರಡೂ ಕೈಯೆತ್ತಿ ಅಡ್ಡ ನಿಂತನು. ಚಾಲಕನು ಬೈಯುತ್ತಲೇ ನಿಲ್ಲಿಸಿದನು. ಹಾವು ಹುಲ್ಲಿಗೆ ಸೇರಿತು. “ನಿನಗೇನಾದರೂ ಆಗಿದ್ದರೆ ನಿಮ್ಮಮ್ಮನಿಗೆ ಏನು ಹೇಳಲಿ?” ಎಂದು ಹಿರಿಯರು ಗದರಿದರೂ, ವರದಿಯಲ್ಲಿ ಈ ಪ್ರಸಂಗಕ್ಕೆ ಅರ್ಧ ಪುಟ ಮೀಸಲಾಯಿತು. ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತ ಯಾತ್ರಿಕನಿಗೆ ಇಂತಹ ಕರುಣೆಯನ್ನು ತೋರುವ ಅವಕಾಶವೇ ಇರುವುದಿಲ್ಲವೆಂದು ಅವರು ಬರೆದರು.

ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಧುಮುಕುತ್ತದೆ. ಅಲ್ಲಿಯೂ ನಿಲ್ಲಲಿಲ್ಲ. ಎಸ್.ಕೆ. ಬಾರ್ಡರ್ ಎಂಬಲ್ಲಿ ಶೃಂಗೇರಿಯ ದಾರಿ ಬೇರೆಯಾಗಿ, ಕಾರ್ಕಳದ ದಾರಿ ಮಾಳದ ಕಡೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ತುಂತುರು ಮಳೆ ಹಿಡಿಯಿತು. ಅಕಾಲದ ಮಳೆ; ಆದರೆ ಮಳೆ ಬಿದ್ದೊಡನೆ ರಸ್ತೆಗೆ ಬರುವ ಜೀವಿಗಳಿಗೆ ಚಾತುರ್ಮಾಸದ ಪಂಚಾಂಗ ತಿಳಿಯದು. ಸಣ್ಣ ಕಪ್ಪೆಗಳು ಟಾರಿನ ಮೇಲೆ ಜಿಗಿಯುತ್ತಿದ್ದವು. ಅಳಿಯನು ವೇಗವನ್ನು ಎಷ್ಟು ತಗ್ಗಿಸಿದನೆಂದರೆ ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ಮುಂದೆ ಹೋದರು. ಆದರೂ ಒಂದು ಕಡೆ ಹಿಂದಿನ ಚಕ್ರದಡಿಯಿಂದ ಮೆತ್ತನೆಯ ಒಂದು ಸದ್ದು ಬಂದಿತು. ಹೆಲ್ಮೆಟ್ಟಿನೊಳಗಿದ್ದ ಸವಾರನಿಗೆ ಅದು ಕೇಳಿಸಲಿಲ್ಲ. ಹಿಂದೆ ಕುಳಿತವರಿಗೆ ಕೇಳಿಸಿತು. ಅವರು ಆಗ ಏನನ್ನೂ ಹೇಳದೆ ಕಣ್ಣುಮುಚ್ಚಿ ಣಮೋಕಾರ ಮಂತ್ರವನ್ನು ಹೇಳಿಕೊಂಡರು.

ಕಾರ್ಕಳವನ್ನು ಮುಟ್ಟಿದಾಗ ಸೂರ್ಯಾಸ್ತಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ದರ್ಶನ ಮಾಡಿ, ಎದುರಿನ ಬಂಡೆಯ ಮೇಲೆ 42 ಅಡಿ ಎತ್ತರಕ್ಕೆ ನಿಂತ ಬಾಹುಬಲಿಗೆ ಕೆಳಗಿನಿಂದಲೇ ಕೈಮುಗಿದರು. ಊಟವಾದ ಮೇಲೆ ಹಿರಿಯರು ಚಕ್ರದ ಸದ್ದಿನ ವಿಷಯವನ್ನು ತಿಳಿಸಿದರು. ತರುಣನ ಮುಖ ಬಾಡಿತು. ತುಸು ಹೊತ್ತು ಮಾತಿಲ್ಲ. ಅನಂತರ ಹೆಲ್ಮೆಟ್ಟನ್ನು ತಂದು ಅದರ ಗಾಜನ್ನು ಮಾವನ ಮುಂದೆ ಹಿಡಿದನು. ಹುಳಗಳು ಬಡಿದು ಒಣಗಿದ ಕಲೆಗಳು ಅಲ್ಲಿದ್ದವು. ಇಬ್ಬರೂ ಎಣಿಸಿದರು. ಹದಿನೇಳು.

“ಮಾವ, ಬಸ್ಸಿನ ಮುಂದಿನ ಗಾಜು ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಚಕ್ರವೂ ಆರು. ಕಳೆದ ವರ್ಷದ ಯಾತ್ರೆಯಲ್ಲಿ ನಾವೆಲ್ಲ ಸ್ತೋತ್ರ ಹೇಳಿಕೊಂಡು ಬಂದೆವು. ಎಷ್ಟು ಸತ್ತವು ಎಂದು ಯಾರು ಎಣಿಸಿದರು?”

ಇದಕ್ಕೆ ಹಿರಿಯರಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಒಂದು ಬಸ್ಸು ಐವತ್ತು ಜನರನ್ನು ಒಯ್ಯುತ್ತದೆ, ಮೂವತ್ತು ಮೋಟಾರ್ ಸೈಕಲ್‌ಗಳಿಗೆ ಅರವತ್ತು ಚಕ್ರಗಳು ಎಂಬ ಲೆಕ್ಕ ಅವರ ಪರವಾಗಿತ್ತು. ಕಾಣದ ಹಿಂಸೆಯನ್ನು ಇಲ್ಲದ ಹಿಂಸೆಯೆಂದು ಭಾವಿಸುವುದು ಎಚ್ಚರವಲ್ಲವೆಂಬ ಮಾತು ಅವನ ಪರವಾಗಿತ್ತು. ಎರಡನ್ನೂ ಅವರು ವರದಿಯಲ್ಲಿ ಬರೆದರು, ತಮ್ಮದು ಮೇಲೆ ಅವನದು ಕೆಳಗೆ ಎಂಬ ಭೇದವಿಲ್ಲದೆ.

ಸಮಿತಿಯ ಸಭೆ ಡಿಸೆಂಬರಿನಲ್ಲಿ ನಡೆಯಿತು. ವಾದ ದೀರ್ಘವಾಗಿಯೇ ನಡೆಯಿತು. ಒಬ್ಬ ಸದಸ್ಯರು ಅರ್ಧಕ್ಕೇ ಎದ್ದುಹೋದರು. ಕಡೆಗೆ ಆದ ಠರಾವು ಹೀಗಿದೆ. ಯಾತ್ರೆ ಬಸ್ಸಿನಲ್ಲಿಯೇ ನಡೆಯತಕ್ಕದ್ದು. ಅದರ ಜೊತೆಗೆ, ಬಸ್ಸಿನಲ್ಲಿ ಸ್ಥಳ ಸಾಲದಿದ್ದಷ್ಟು ಜನರಿಗೆ ಮಾತ್ರ ಮೋಟಾರ್ ಸೈಕಲ್, ಅದೂ ಹನ್ನೆರಡಕ್ಕೆ ಮೀರದೆ, ಒಂದೊಂದರಲ್ಲಿ ಇಬ್ಬರು. ಮಾಘ ಮಾಸದ ಒಣ ದಿನಗಳಲ್ಲಿ, ಸೂರ್ಯೋದಯದ ನಂತರ ಹೊರಟು ಸೂರ್ಯಾಸ್ತದ ಮುನ್ನ ತಲುಪುವುದು. ಮಳೆ ಬಂದರೆ ನಿಂತಲ್ಲೇ ನಿಲ್ಲುವುದು. ಉದ್ಯಾನದೊಳಗಾದರೆ ಅರಣ್ಯ ಇಲಾಖೆಯವರು ಹೇಳಿದಂತೆ. ಕೊನೆಯ ಅಂಶವನ್ನು ಸೇರಿಸಬೇಕೆಂದು ಕೇಳಿದವನು ಆ ತರುಣನೇ. ಕಾರ್ಕಳ ತಲುಪುವವರೆಗೆ ಯಾರೂ ಹೆಲ್ಮೆಟ್ಟಿನ ಗಾಜನ್ನು ಒರೆಸಬಾರದು, ಬಸ್ಸಿನ ಗಾಜನ್ನೂ ತೊಳೆಯಬಾರದು. ನೋಟಕ್ಕೆ ತೊಡಕಾದರೆ ವಾಹನವನ್ನು ನಿಲ್ಲಿಸಿ, ಎಣಿಸಿ, ಆಮೇಲೆ ಒರೆಸತಕ್ಕದ್ದು. ಚತುರ್ಮುಖ ಬಸದಿಯ ಮೆಟ್ಟಿಲು ಹತ್ತುವ ಮೊದಲು ಎಲ್ಲರೂ ನಿಂತು ಆ ಗಾಜುಗಳನ್ನು ನೋಡಿ ಪ್ರತಿಕ್ರಮಣ ಮಾಡತಕ್ಕದ್ದು. ಕಾರ್ಯದರ್ಶಿಗಳು ಅದನ್ನು ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.